ಮುಂದಕ್ಕೆ ಒತ್ತಿದರೆ ನಿಲ್ಲುವ ಗಾಡಿ

ಮಳೆಗಾಲದ ಮುಗ್ಗಲು ವಾಸನೆ ಹೋಗಲಿ ಎಂದು ಮೊನ್ನೆ ಭಾನುವಾರ ಕಾರಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮುಂದಿನ ಗಾಳಿಕಿಂಡಿಗಳನ್ನು ತಿಕ್ಕುತ್ತ ಕುಳಿತಿದ್ದೆ. ಧೂಳು ಹಾರಿಹೋಗಲಿ ಎಂದು ಒಳಗಿನ ಫ್ಯಾನ್ ಹಾಕಿದೆ. ಶುರುವಾಯಿತು ನೋಡಿ ಸೀನು. ಒಂದರ ಹಿಂದೆ ಒಂದು, ನಿಲ್ಲುವ ಮಾತೇ ಇಲ್ಲ. ಮೂಗು ಉರಿದು ಕಣ್ಣಲ್ಲಿ ನೀರು ಸುರಿಯಿತು. ಅಡುಗೆಮನೆಯಲ್ಲಿದ್ದ ಅವ್ವ ಯಾರ ಮನೆಯಲ್ಲಿ ಖಾರ ಕುಟ್ಟುತ್ತಿದ್ದಾರೆಂದು ಕಿಟಕಿಯಿಂದ ಇಣುಕಿದಳು. ಖಾರ ನಮ್ಮ ಕಾರಿನದೇ. ಎಷ್ಟೋ ವರ್ಷಗಳ ಹಿಂದೆ ಒಳಹೊಕ್ಕು ಕುಳಿತ ಬ್ಯಾಡಗಿ ಮೆಣಸಿನಕಾಯಿಯ ಪುಡಿ... ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ಅದರ ಧೂಳನ್ನು ಮೂಗಿಗೆ ಹಾಕಿಕೊಂಡು ನೋಡಿಲ್ಲ. ಸೀನು ನಿಂತ ಮೇಲೆ ಕಾಕಾ ನೆನಪಾದರು.

ಕಾಕಾ ನಮಗೆ ಬಳಗದವರೇನಲ್ಲ. ರಾಣೆಬೆನ್ನೂರಿನ ನಮ್ಮ ಓಣಿಯ ತಿರುವಿನಲ್ಲಿ ಅವರ ಅಂಗಡಿಯಿತ್ತು. ಹಳೆಯ ಕಾರು, ಜೀಪು, ಟೆಂಪೋಗಳನ್ನು ಬಿಚ್ಚಿ, ಇನ್ನೂ ಜೀವವಿರುವ ಭಾಗಗಳನ್ನು ತೆಗೆದಿಟ್ಟು ಮಾರುವ ಅಂಗಡಿ. ಊರವರ ಬಾಯಲ್ಲಿ ಅದು ಗುಜರಿ, ಅವರು ಗುಜರಿ ಕಾಕಾ. ಎದುರಿಗೆ ಹಾಗೆ ಕರೆಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಅವರ ಮಾತು ಜೋರು, ಜಂಬ ಅದಕ್ಕಿಂತ ಜೋರು. ಹಾವೇರಿ ಜಿಲ್ಲೆಯಲ್ಲಿ ತಾವು ಮುಟ್ಟದ ಗಾಡಿಯೇ ಇಲ್ಲ ಎನ್ನುತ್ತಿದ್ದರು. ಅವರು ಮುಟ್ಟಿದ ಮೇಲೆ ಮತ್ತೆ ಏಳದೇ ಹೋದ ಗಾಡಿಗಳೂ ಇದ್ದವು. ಆ ವಿಷಯ ತೆಗೆದ ಗಿರಾಕಿಗೆ ಅಂದು ಚಹಾ ಸಿಗುತ್ತಿರಲಿಲ್ಲ. ಹೊಸ ಸಾಮಾನು ಎಂದರೆ ಅವರಿಗೆ ಒಂಥರಾ ಅವಮಾನ. ಗಿರಾಕಿ ಹೊಸದನ್ನು ಹಾಕಿಸೋಣ ಎಂದ ಕೂಡಲೇ, ಹಳೆಯದು ಇನ್ನೂ ಸತ್ತಿಲ್ಲವಲ್ಲ, ಬದುಕಿರುವುದನ್ನು ಯಾಕೆ ಹೂಳುತ್ತೀ ಎಂದು ಜಗಳಕ್ಕೇ ಬರುತ್ತಿದ್ದರು. ಟ್ರ್ಯಾಕ್ಟರಿನ ರಬ್ಬರು ಕಾರಿಗೆ, ಜೀಪಿನ ಕನ್ನಡಿ ಟೆಂಪೋಗೆ, ಒಮ್ಮೆಯಂತೂ ಬಸ್ಸಿನ ಸೀಟನ್ನು ಒಬ್ಬ ಮೇಷ್ಟ್ರ ಕಾರಿಗೆ ಕೂಡಿಸಿ, ಅವರು ಮನೆಯವರನ್ನು ಕೂರಿಸಿಕೊಂಡು ಹೊರಟಾಗ ಟಿಕೆಟ್ ತೆಗೆದುಕೊಳ್ಳಿ ಎಂದು ತಾವೇ ಚೇಷ್ಟೆ ಮಾಡಿದ್ದರು.

ನನ್ನ ಬಲಗಾಲಿಗೆ ಸಣ್ಣಂದಿನಲ್ಲೇ ಪೋಲಿಯೋ ಆಗಿತ್ತು. ಎಡಗಾಲು ಗಟ್ಟಿ, ಬಲಗಾಲು ಹೆಸರಿಗಷ್ಟೇ. ಅದಕ್ಕೊಂದು ಕಬ್ಬಿಣದ ಪಟ್ಟಿ, ಕಂಕುಳಲ್ಲೊಂದು ಕೋಲು. ಹಾಗೇ ಓದಿದೆ, ಹಾಗೇ ಕೆಲಸವನ್ನೂ ಹಿಡಿದೆ. ಕುಪ್ಪೇಲೂರಿನ ದವಾಖಾನೆಯಲ್ಲಿ ಔಷಧಿ ಕೊಡುವ ಕೆಲಸ. ಸಾಲಿನಲ್ಲಿ ನಿಂತ ಅಜ್ಜಿಯಂದಿರಿಗೆ ಬೆಳಗಿನ ಗುಳಿಗೆ ಯಾವುದು, ರಾತ್ರಿಯ ಗುಳಿಗೆ ಯಾವುದು ಎಂದು ಹೇಳಿ ಕಳಿಸುವುದು ನನಗೆ ಬಹಳ ಸೇರುತ್ತಿತ್ತು. ಅಪ್ಪ ಬೇಗ ಹೋಗಿದ್ದರಿಂದ ಮನೆಯಲ್ಲಿ ಅವ್ವ, ನಾನು, ಇಬ್ಬರೇ. ಆ ಸಂಬಳದ ಮೇಲೇ ಮನೆ ನಡೆಯಬೇಕು. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಎದ್ದು ಹೋಗುವುದಕ್ಕೆ ನನ್ನದೆಂಬ ಒಂದು ಜಾಗ ಇತ್ತಲ್ಲ, ಅದು ಬೇಕಾಗಿತ್ತು.

ತೊಂದರೆ ಇದ್ದದ್ದು ಹೋಗಿ ಬರುವುದರಲ್ಲಿ. ಬಸ್ಸಿನ ಮೆಟ್ಟಿಲು ನನ್ನ ಮೊಣಕಾಲಿಗಿಂತ ಮೇಲೆ. ಹಿಂದಿನವರು ನೂಕುತ್ತಾರೆ, ಮುಂದಿನವರು ಜಾಗ ಬಿಡುವುದಿಲ್ಲ. ಪಕ್ಕಕ್ಕೆರಡು ಚಕ್ರ ಹಚ್ಚಿದ ಸ್ಕೂಟರ್ ತೆಗೆದುಕೊಂಡು ಕೆಲವು ಕಾಲ ಓಡಾಡಿದೆ. ಒಂದು ಮಳೆಗಾಲದಲ್ಲಿ, ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ರಸ್ತೆಯಿಂದ ಕೆಳಗಿಳಿದಾಗ, ಎರಿಮಣ್ಣಿನ ಕೆಸರಿನಲ್ಲಿ ಒಂದು ಚಕ್ರ ಹೂತು ಸ್ಕೂಟರ್ ಮಗುಚಿಬಿತ್ತು. ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ದಿನವೇ ಅವ್ವ ಸ್ಕೂಟರನ್ನು ಕಾಕಾನ ಅಂಗಡಿಗೆ ಕಳಿಸಿಬಿಟ್ಟಳು. ನೌಕರಿ ಹೋದರೆ ಹೋಗಲಿ, ಮಗಳು ಉಳಿದರೆ ಸಾಕು ಎಂದಳು. ಅವಳ ಮೇಲೆ ನನಗೆ ಸಿಟ್ಟು ಬಂತು, ಆದರೆ ತಪ್ಪು ಎನ್ನುವುದಕ್ಕೆ ಬಾಯಿ ಬರಲಿಲ್ಲ. ಕೈ ಕೂಡುವವರೆಗೆ ರಜೆ, ಆಮೇಲೆ ರಾಜೀನಾಮೆ ಎಂದು ಮನೆಯೊಳಗೆ ಗಟ್ಟಿಯಾಗಿಯೇ ಹೋಯಿತು.

ಸ್ಕೂಟರನ್ನು ನೋಡಿದ ಕಾಕಾ ಸಂಜೆ ಮನೆಗೆ ಬಂದರು. ನನ್ನ ಕೈ ನೋಡಲಿಲ್ಲ, ಕಾಲು ನೋಡಿದರು. ಎಡಗಾಲಿನಿಂದ ಕ್ಲಚ್ ಒತ್ತಲು ಆಗುತ್ತದೆಯೇ ಎಂದು ಕೇಳಿದರು. ಅವ್ವನಿಗೆ ಕ್ಲಚ್ ಎಂದರೆ ಏನೆಂದೇ ಗೊತ್ತಿಲ್ಲ. ಆದರೂ ಆಗುವುದಿಲ್ಲ ಎಂದು ಅವಳೇ ಉತ್ತರ ಕೊಟ್ಟಳು. ಕಾಕಾ ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾವೇರಿಯಲ್ಲಿ ಒಬ್ಬರ ಮನೆಯ ಹುಣಸೆಮರದ ಕೆಳಗೆ ಒಂದು ಸಣ್ಣ ಕಾರು ಎಷ್ಟೋ ವರ್ಷದಿಂದ ನಿಂತಿದೆ, ಅದರ ಇಂಜಿನ್ ಇನ್ನೂ ಬದುಕಿದೆ, ಕ್ಲಚ್ ಕಾಲಿಗಿರಲಿ, ಬ್ರೇಕು ಮತ್ತು ಎಕ್ಸಲೇಟರ್ ಎರಡನ್ನೂ ಬಲಗೈಗೆ ತಂದುಕೊಡುತ್ತೇನೆ ಎಂದರು. ಹೊಸ ಕಾರು, ಕೈಯಿಂದಲೇ ಓಡಿಸುವ ಕಂಪನಿ ಸಾಮಾನು, ಇವೆಲ್ಲ ನಮಗೆ ಎಟುಕುವ ಮಾತಾಗಿರಲಿಲ್ಲ. ಇದು ಎಟುಕುವಂತಿತ್ತು.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದ ಆ ಕಾರನ್ನು ನೋಡಿದಾಗ ನನಗೆ ಅಳುವೇ ಬಂತು. ಇಲಿಗಳು ವೈರು ತಿಂದಿದ್ದವು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಕಾಕಾನಿಗೆ ಮಾತ್ರ ಮದುವೆಮನೆಯ ಸಂಭ್ರಮ. ಪೆಟ್ರೋಲ್ ಟ್ಯಾಂಕ್ ಇಳಿಸಿ, ಒಳಗೆ ಒಂದು ಹಿಡಿ ನಟ್ಟು ಬೋಲ್ಟು ಹಾಕಿ, ಕಣದಲ್ಲಿ ಕಾಳು ಕೇರಿದಂತೆ ಕುಲುಕಿ ತುಕ್ಕು ಬಿಡಿಸಿದರು. ವೈರನ್ನು ಒಂದು ಕಾರಿನಿಂದ, ರೇಡಿಯೇಟರನ್ನು ಇನ್ನೊಂದರಿಂದ ತಂದರು. ದಿನಾ ಸಂಜೆ ನಾನು ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕುಳಿತು ನೋಡುತ್ತಿದ್ದೆ. ಕೈ ಕೂಡಿತು, ಕಾರೂ ಕೆಮ್ಮಿ ಕೆಮ್ಮಿ ಕೊನೆಗೆ ಉಸಿರು ತೆಗೆದುಕೊಂಡಿತು.

ಕೈಹಿಡಿಕೆಗೆ ಅವರು ಆರಿಸಿದ್ದು ಬೆಳೆಗೆ ಹುಳದ ಎಣ್ಣೆ ಹೊಡೆಯಲು ಬೆನ್ನಿಗೆ ಕಟ್ಟಿಕೊಳ್ಳುವ ಪಂಪಿನ ಸರಳು. ರಬ್ಬರಿನ ಹಿಡಿಯಿದ್ದ, ಅರ್ಧ ಬಾಗಿದ ಸರಳು, ಸ್ಟೇರಿಂಗಿನ ಬಲಗಡೆ ಕೈಗೆ ಸರಿಯಾಗಿ ಕೂತಿತು. ಆದರೆ ಅದು ಯಾವ ಕಡೆಗೆ ಹೋದರೆ ಏನಾಗಬೇಕು? ಕಾಕಾ ಯೋಚನೆ ಕೂಡ ಮಾಡಲಿಲ್ಲ. ಅವರು ಮೋಟೆಬೆನ್ನೂರಿನ ಒಕ್ಕಲುತನದ ಮನೆಯವರು. ಹರೆಯದಲ್ಲಿ ಮೆಣಸಿನಕಾಯಿ ಚೀಲ ಹೇರಿದ ಚಕ್ಕಡಿಯನ್ನು ಬ್ಯಾಡಗಿ ಪೇಟೆಗೆ ಹೊಡೆದುಕೊಂಡು ಹೋದ ಕೈ ಅದು.

“ಹಗ್ಗ ಜಗ್ಗಿದ್ರ ಎತ್ತು ನಿಂದರತಾವು, ಸಡಲ ಬಿಟ್ರ ಹೊಕ್ಕಾವು. ಕೈಗೆ ಇದಕ್ಕಿಂತ ಹಗರ ಲೆಕ್ಕ ಇನ್ನ್ಯಾವುದು ಐತಿ ಯವ್ವಾ?” ಎಂದರು.

ನನಗೂ ಖರೇ ಅನಿಸಿತು. ಹಾಗೆ ಸರಳನ್ನು ತನ್ನ ಕಡೆಗೆ ಜಗ್ಗಿದರೆ ಬ್ರೇಕು, ಮುಂದಕ್ಕೆ ಒತ್ತಿದರೆ ವೇಗ ಎಂದಾಯಿತು. ಬ್ರೇಕಿನ ಪೆಡಲ್ಲು ಇರುವುದೇ ಮುಂದಕ್ಕೆ ಒತ್ತುವುದಕ್ಕೆ. ಕೈ ಹಿಂದಕ್ಕೆ ಜಗ್ಗಿದರೆ ಅದು ಮುಂದಕ್ಕೆ ಹೋಗಬೇಕಾದರೆ ನಡುವೆ ಒಂದು ತಿರುಗುಕೀಲು ಬೇಕು. ಆ ಕೀಲನ್ನು ಮಾಡಿ ಕೂಡಿಸುವುದಕ್ಕೇ ಅವರಿಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದರು, ಮೊಮ್ಮಗುವಿನ ಹಲ್ಲು ತೋರಿಸುವ ಹಾಗೆ.

ಊರಾಚೆಯ ಬಯಲಿನಲ್ಲಿ ಮೆಲ್ಲಗೆ ಓಡಿಸಿ ಕಲಿತೆ. ಮೊದಲ ಸಲ ನನ್ನ ಕೈಯಿಂದ ಗಾಡಿ ಮುಂದಕ್ಕೆ ಉರುಳಿದಾಗ ಆದ ಸಂತೋಷವನ್ನು ಈಗಲೂ ಹೇಳಲು ಬರುವುದಿಲ್ಲ. ಕಾಲಿನ ಗೊಡವೆಯೇ ಇಲ್ಲದೆ ನಾನು ಓಡುತ್ತಿದ್ದೆ... ಮೆಲ್ಲಗೆ ಹೋಗುವಾಗ ಎಲ್ಲ ಸರಿಯಾಗಿತ್ತು. ಕಾಕಾನಿಗೆ ಅಷ್ಟು ಸಾಲಲಿಲ್ಲ. ತಮ್ಮ ಕೈಚಳಕವನ್ನು ಬ್ಯಾಡಗಿಯ ಹಳೆಯ ಗೆಳೆಯರಿಗೆ ತೋರಿಸಬೇಕಾಗಿತ್ತು. ವ್ಯಾಪಾರ ಇಲ್ಲದ ಒಂದು ದಿನ, ಪೇಟೆಯ ಅಂಗಳ ಖಾಲಿ ಇರುತ್ತದೆ ಎಂದು ಅಲ್ಲಿಯವರೆಗೆ ತಾವೇ ಕಾಲಿನಿಂದ ಓಡಿಸಿಕೊಂಡು ಹೋದರು. ಪೆಡಲ್ಲುಗಳು ಇದ್ದಲ್ಲೇ ಇದ್ದವಲ್ಲ. ಅಂಗಳದಲ್ಲಿ ಕಾರನ್ನು ನನ್ನ ಕೈಗೆ ಕೊಟ್ಟು, ಒಂದು ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಗೆಳೆಯರ ಜೊತೆ ಸೊಂಟಕ್ಕೆ ಕೈಯಿಟ್ಟು ನಿಂತರು.

ಒಂದು ಸುತ್ತು ಹಾಕಿದೆ. ಅಗಲವಾದ ಜಾಗ, ಎದುರಿಗೆ ಯಾರೂ ಇಲ್ಲ, ನನಗೂ ಹುರುಪು ಬಂತು. ಎರಡನೇ ಸುತ್ತಿನಲ್ಲಿ ಸ್ವಲ್ಪ ಜೋರಾಗಿಯೇ ಬಂದೆ. ಎಲ್ಲಿತ್ತೋ ಒಂದು ನಾಯಿ, ಸರಕ್ಕನೆ ಅಡ್ಡ ಬಂತು. ಸರಳನ್ನು ಬಲವಾಗಿ ಜಗ್ಗಿದೆ. ಬ್ರೇಕು ಹಿಡಿಯಿತು, ಹಿಡಿದ ರಭಸಕ್ಕೆ ಮೈ ಮುಂದಕ್ಕೆ ಮುಗ್ಗರಿಸಿತು, ಮೈ ಜೊತೆಗೆ ಕೈಯೂ ಮುಂದಕ್ಕೆ ಹೋಯಿತು. ಕೈಯಲ್ಲಿದ್ದ ಸರಳೂ ಮುಂದಕ್ಕೆ ಹೋಯಿತು. ಮುಂದಕ್ಕೆ ಹೋದರೆ ವೇಗ... ನಾಯಿ ತಪ್ಪಿಸಿಕೊಂಡಿತು. ನಾನು ಸೀದಾ ಒಂದು ಅಂಗಡಿಯ ಮುಂದೆ ಒಟ್ಟಿದ್ದ ಮೆಣಸಿನಕಾಯಿ ಚೀಲಗಳೊಳಗೆ ನುಗ್ಗಿದೆ.

ಚೀಲಗಳು ಮೆತ್ತಗಿದ್ದವು, ದೇವರು ದೊಡ್ಡವನು, ಯಾರಿಗೂ ಒಂದು ತರಚು ಗಾಯವಿಲ್ಲ. ಆದರೆ ಒಡೆದ ಚೀಲಗಳಿಂದ ಎದ್ದ ಕೆಂಪು ಧೂಳು ಅಂಗಳವನ್ನೇ ತುಂಬಿತು. ನೆರಳಲ್ಲಿ ಮಲಗಿದ್ದ ಹಮಾಲರು ಎದ್ದು ಕೆಮ್ಮಿದರು. ಬೈಯಲೆಂದು ಓಡಿಬಂದ ಅಂಗಡಿಯವರು ಬಾಯಿ ತೆರೆದಾಗಲೆಲ್ಲ ಸೀನಿದರು. ಕಾಕಾನ ಗೆಳೆಯರು ಧೋತರದ ತುದಿಯನ್ನು ಮೂಗಿಗೆ ಹಿಡಿದುಕೊಂಡು, ಇದು ಯಾವ ಜಾತಿಯ ಬ್ರೇಕು ಎಂದು ಕೇಳಿದರು. ಈಗ ನೆನೆಸಿಕೊಂಡರೆ ನಗು. ಆಗ ನಾನು ಸ್ಟೇರಿಂಗ್ ಬಿಡದೆ ಕುಳಿತೇ ಇದ್ದೆ. ಕಾಕಾ ನನ್ನನ್ನು ಇಳಿಸಿ ನೆರಳಲ್ಲಿ ಕೂರಿಸಿದರು, ನೀರು ಕೊಟ್ಟರು. ಆಮೇಲೆ ಕೆಳಗೆ ಕುಳಿತು, ಚೆಲ್ಲಿದ ಕಾಯನ್ನೆಲ್ಲ ಬರಿಗೈಯಲ್ಲೇ ಬಾಚಿ ಬಾಚಿ ಚೀಲಕ್ಕೆ ತುಂಬಿದರು. ಹಮಾಲರು ಬೇಡವೆಂದರೂ ಬಿಡಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಕೈಗಳು ಕೆಂಪಗೆ ಊದಿದ್ದವು. ವಾಪಸು ಬರುವಾಗ ಆ ಕೈಗಳಿಂದಲೇ ಕಾರು ಓಡಿಸಿದರು.

ಮರುದಿನ ಕಾಕಾ ಮನೆಗೆ ಬಂದು, ನನ್ನೊಂದಿಗಲ್ಲ, ಅವ್ವನೊಂದಿಗೆ ಮಾತಾಡಿದರು. ಕಾರು ಮಾರಿಬಿಡುತ್ತೇನೆ, ನಿಮ್ಮ ಮಗಳ ಜೀವದ ಜೊತೆ ಆಟ ಆಡಿದೆ, ನಾನು ಬರೀ ಗುಜರಿಯವನು ಎಂದರು. ಆ ಮಾತನ್ನು ತಾವೇ ಆಡಿಕೊಂಡರು. ಅವ್ವ ಹೌದೆನ್ನುವಂತೆ ತಲೆಯಾಡಿಸಿದಳು. ನಾನು ಒಳಕೋಣೆಯಲ್ಲಿ ಕುಳಿತು ಕೇಳುತ್ತಿದ್ದೆ. ರಜೆ ಮುಗಿಯುತ್ತ ಬಂದಿತ್ತು. ಕಾರು ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಈ ಕಿಟಕಿಯ ಪಕ್ಕದ ಕುರ್ಚಿಯೇ ಕೊನೆಯವರೆಗೆ ನನ್ನ ಜಾಗ. ರಾತ್ರಿಯಿಂದ ನಾನು ಆ ಗಳಿಗೆಯನ್ನೇ ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದೆ. ನಾನು ಒತ್ತಿರಲಿಲ್ಲ. ಜಗ್ಗಿದ್ದೆ. ಆದರೂ ಕೈ ಮುಂದಕ್ಕೆ ಹೋಗಿತ್ತು. ಯಾಕೆ ಎನ್ನುವುದು ನನಗಲ್ಲದೆ ಬೇರೆ ಯಾರಿಗೆ ತಿಳಿಯಬೇಕು? ಕೋಲು ಊರಿಕೊಂಡು ಹೊರಗೆ ಬಂದೆ.

“ಕಾಕಾ, ಬೀಳೂ ಮುಂದ ಕೈ ಮುಂದಕ್ಕ ಹೊಕ್ಕಾವರಿ, ಹಿಂದಕ್ಕ ಬರೂದಿಲ್ಲ. ನನಗ ಬಿದ್ದು ರೂಢಿ ಐತಿ.”

ಕಾಕಾ ನನ್ನ ಮುಖವನ್ನೇ ನೋಡಿದರು. ಸಣ್ಣಂದಿನಿಂದ ಅಂಗಳದಲ್ಲಿ, ಶಾಲೆಯಲ್ಲಿ, ಬಸ್ಸಿನ ಬಾಗಿಲಲ್ಲಿ ಬಿದ್ದವಳು ನಾನು. ಬೀಳುವಾಗ ಕೈಯನ್ನು ಯಾರೂ ಕೇಳುವುದಿಲ್ಲ, ಅದು ತಾನಾಗಿ ಮುಂದೆ ಹೋಗಿ ನೆಲ ಹುಡುಕುತ್ತದೆ. ಗಾಡಿ ಗಕ್ಕನೆ ನಿಂತಾಗಲೂ ಮೈಗೆ ಅದು ಬಿದ್ದ ಲೆಕ್ಕವೇ. ಹಾಗಾದರೆ ಮುಂದಕ್ಕೆ ಒತ್ತಿದಾಗಲೇ ಬ್ರೇಕು ಹಿಡಿಯಬೇಕು; ಆಗ ಮುಗ್ಗರಿಸಿದಷ್ಟೂ ಗಾಡಿ ಗಟ್ಟಿಯಾಗಿ ನಿಲ್ಲುತ್ತದೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಕಾಕಾ ತಮ್ಮ ಎರಡೂ ಊದಿದ ಕೈಗಳನ್ನು ಗಾಳಿಯಲ್ಲಿ ಮುಂದಕ್ಕೆ ಚಾಚಿ, ಹಿಂದಕ್ಕೆ ಎಳೆದು, ಮತ್ತೆ ಚಾಚಿ ನೋಡಿಕೊಂಡರು. ಚಕ್ಕಡಿಯ ಮೇಲೆ ಕುಳಿತವನು ಕಾಲೂರಿ ಹಿಂದಕ್ಕೆ ಒರಗಿ ಜಗ್ಗುತ್ತಾನೆ. ನನ್ನ ಎಡಗಾಲು ಕ್ಲಚ್ಚಿನ ಮೇಲೆ, ಬಲಗಾಲು ಹೆಸರಿಗಷ್ಟೇ; ಊರಲು ಕಾಲೆಲ್ಲಿತ್ತು?

“ಎತ್ತಿಗೆ ಕಲಿಸಿದ್ದನ್ನ ನಿನಗೂ ಕಲಿಸಾಕ ಹೋಗಿದ್ದೆ ನೋಡವ್ವಾ” ಎಂದರು. ಎದ್ದು ಅಂಗಡಿಗೆ ಹೋದರು. ಅವ್ವ ಅವರ ಬೆನ್ನನ್ನು ನೋಡಿದಳು, ನನ್ನನ್ನು ನೋಡಿದಳು, ಚಹಾ ಇಟ್ಟುಬಿಟ್ಟೆನಲ್ಲ ಎಂದು ಗೊಣಗುತ್ತ ಒಳಗೆ ಹೋದಳು. ಅವಳು ಬೇಡ ಅನ್ನಲಿಲ್ಲ, ನನಗೆ ಅಷ್ಟು ಸಾಕಾಗಿತ್ತು.

ಅಷ್ಟು ಕಷ್ಟಪಟ್ಟು ಮಾಡಿದ ತಿರುಗುಕೀಲನ್ನು ಕಾಕಾ ಕಿತ್ತು ಹಾಕಿದರು. ಸರಳಿನಿಂದ ಬ್ರೇಕಿನ ಪೆಡಲ್ಲಿಗೆ ಸೀದಾ ಒಂದು ರಾಡು, ಎಕ್ಸಲೇಟರಿಗೆ ಒಂದು ಎಳೆತಂತಿ. ಒತ್ತಿದರೆ ಬ್ರೇಕು, ಜಗ್ಗಿದರೆ ವೇಗ. ಕೆಲಸ ಮೊದಲಿನ ಅರ್ಧವೂ ಇರಲಿಲ್ಲ. ಈ ಸಲ ಬಯಲಿನಲ್ಲಿ ಅವರು ಹೊರಗೆ ನಿಲ್ಲಲಿಲ್ಲ, ಪಕ್ಕದಲ್ಲೇ ಕುಳಿತರು. ಜೋರಾಗಿ ಹೋಗು ಎನ್ನುವುದು, ಹೋಗುತ್ತಿದ್ದಂತೆ ತಟ್ಟನೆ ನಿಲ್ಲಿಸು ಎಂದು ಕೂಗುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಇದೇ. ಗಾಡಿ ನಿಂತಾಗಲೆಲ್ಲ ಅವರ ಟೊಪ್ಪಿಗೆ ಉದುರುತ್ತಿತ್ತು. ಅದನ್ನೆತ್ತಿ ಹಾಕಿಕೊಂಡು, ಮತ್ತೆ ಹೋಗು ಎನ್ನುತ್ತಿದ್ದರು. ಜಗ್ಗುವ ರೂಢಿ ಅವರ ಕೈಗೆ ಎಷ್ಟು ಹತ್ತಿತ್ತೆಂದರೆ, ನಾನು ಮುಂದಕ್ಕೆ ಒತ್ತಿದಾಗಲೆಲ್ಲ ಅವರು ಕುಳಿತಲ್ಲೇ ಹಿಂದಕ್ಕೆ ಜಗ್ಗುತ್ತಿದ್ದರು.

ಕೊನೆಗೆ ಹಾವೇರಿಯ ಆರ್‌ಟಿಒ ಕಚೇರಿ. ಬದಲಾಯಿಸಿದ ಗಾಡಿಗೆ ಅವರ ಒಪ್ಪಿಗೆ ಬೇಕು, ನನಗೆ ಲೈಸೆನ್ಸು ಬೇಕು. ಅದೊಂದು ದಿನ ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಿದ್ದರು. ಅಧಿಕಾರಿ ಪಂಪಿನ ಸರಳನ್ನು ಹಿಂದೆ ಮುಂದೆ ಆಡಿಸಿ, ಬಗ್ಗಿ ಕೆಳಗೆಲ್ಲ ನೋಡಿ, ಆಮೇಲೆ ನನ್ನ ಪಕ್ಕದಲ್ಲಿ ಕುಳಿತರು. ಸ್ವಲ್ಪ ದೂರ ಹೋದ ಮೇಲೆ, ಹೇಳದೆ ಕೇಳದೆ ನಿಲ್ಲಿಸಿ ಎಂದರು. ಒತ್ತಿದೆ. ಮೈ ಮುಂದಕ್ಕೆ ಹೋಯಿತು, ಕೈ ಮುಂದಕ್ಕೆ ಹೋಯಿತು, ಗಾಡಿ ನೆಲಕ್ಕೆ ಅಂಟಿಕೊಂಡಂತೆ ನಿಂತಿತು. ಸಾಹೇಬರ ಪೆನ್ನು ಎಲ್ಲೋ ಸೀಟಿನ ಕೆಳಗೆ ಹೋಯಿತು. ಅದನ್ನು ಹುಡುಕುತ್ತಲೇ ಅವರು ಅಡ್ಡಿಯಿಲ್ಲ ಎಂದರು. ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ ಕಾಕಾನಿಗೆ ಹೇಳಿದಾಗ ಅವರು ನಗಲೂ ಇಲ್ಲ, ಹೊಗಳಲೂ ಇಲ್ಲ. ಬ್ರೇಕು ಜರಾ ಬಿರುಸಾಯಿತು, ಸಾಹೇಬರ ಹಲ್ಲು ಉದುರಿದ್ದರೆ ಏನು ಗತಿ ಎಂದು ತಕರಾರು ತೆಗೆದರು. ಆಮೇಲೆ ಮರದ ಆಚೆ ಹೋಗಿ ಟೊಪ್ಪಿಗೆಯಿಂದ ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಿದೆ, ನೋಡದವಳ ಹಾಗೆ ಇದ್ದೆ. ರಾಣೆಬೆನ್ನೂರು ಮುಟ್ಟಿ ಒಂದು ವಾರದೊಳಗೆ, ಒತ್ತಿದರೆ ನಿಲ್ಲುವ ಉಪಾಯ ಮೊದಲಿನಿಂದಲೂ ತಮ್ಮದೇ ಆಗಿತ್ತೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದರು. ನಾನೂ ಹೌದು ಎನ್ನುತ್ತಿದ್ದೆ.

ಆಮೇಲಿನ ವರ್ಷಗಳಲ್ಲಿ ಕುಪ್ಪೇಲೂರಿನ ದಾರಿ ನನ್ನ ಕೈಗೆ ಬಾಯಿಪಾಠವಾಯಿತು. ಗಾಡಿಯಲ್ಲಿ ಹೊಸ ಶಬ್ದ ಹುಟ್ಟಿದರೆ ಅಂಗಡಿಯ ಮುಂದೆ ನಿಲ್ಲಿಸುತ್ತಿದ್ದೆ. ಕಾಕಾ ಬಾನೆಟ್ಟಿನ ಮೇಲೆ ಕಿವಿಯಿಟ್ಟು, ಮೊದಲು ನನ್ನನ್ನು ಬೈದು, ಆಮೇಲೆ ಗಾಡಿಯನ್ನು ನೋಡುತ್ತಿದ್ದರು. ಒಮ್ಮೊಮ್ಮೆ ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸುತ್ತಿದ್ದರು. ಅದಕ್ಕೂ ನನಗೇ ಬೈಗುಳ...

ಅವರು ಹೋದ ದಿನ ನಾನು ದವಾಖಾನೆಯಲ್ಲಿದ್ದೆ. ಅಂಗಡಿಯಲ್ಲಿ ಕುಳಿತಲ್ಲೇ ಎದೆ ಹಿಡಿದುಕೊಂಡರಂತೆ. ಸುದ್ದಿ ನನಗೆ ಮುಟ್ಟಿದ್ದು ತಡವಾಗಿ, ಸಂಜೆಯೇ ಮಣ್ಣು ಮಾಡುತ್ತಾರೆ ಎಂದು ಅವ್ವ ಫೋನಿನಲ್ಲಿ ಅಳುತ್ತ ಹೇಳಿದಳು. ಬಸ್ಸು ಬರುವ ಹೊತ್ತಲ್ಲ. ಕಾರು ತೆಗೆದೆ. ಕಣ್ಣು ಮಂಜಾಗಿ ದಾರಿ ಕಾಣದಿದ್ದಾಗ ಸರಳು ಒತ್ತಿ ನಿಲ್ಲಿಸಿ, ಕಣ್ಣು ಒರೆಸಿಕೊಂಡು, ಮತ್ತೆ ಜಗ್ಗಿ ಹೊರಡುತ್ತಿದ್ದೆ. ಓಣಿಗೆ ಬಂದಾಗ ಅವರನ್ನು ಇನ್ನೂ ಎತ್ತಿರಲಿಲ್ಲ. ಜನ ಕಾರಿಗೆ ದಾರಿ ಬಿಟ್ಟರು. ಮುಖ ನೋಡಿದೆ, ಪಾದ ಮುಟ್ಟಿದೆ. ಬಸ್ಸಿಗೆ ಕಾಯುತ್ತ ನಿಲ್ಲುವವಳಾಗಿದ್ದರೆ ಅಂದು ನನಗೆ ಕಾಕಾ ಸಿಗುತ್ತಿರಲಿಲ್ಲ. ಅವರ ಕಡೆಯ ದರ್ಶನಕ್ಕೆ ಅವರೇ ನನ್ನನ್ನು ಕರೆತಂದಿದ್ದರು.

ಈಗ ಆ ತಿರುವಿನಲ್ಲಿ ಮೊಬೈಲ್ ಅಂಗಡಿ ಇದೆ. ಕಾರಿನ ಶಬ್ದಗಳನ್ನು ಈಗ ನಾನೇ ಕೇಳಿಸಿಕೊಳ್ಳುತ್ತೇನೆ, ಅರ್ಧ ತಿಳಿಯುತ್ತದೆ, ಅರ್ಧ ಮೆಕ್ಯಾನಿಕ್ಕನಿಗೆ ಬಿಡುತ್ತೇನೆ. ಬೈಯುವವರಿಲ್ಲ. ಅದು ಇಷ್ಟು ದೊಡ್ಡ ಕೊರತೆ ಎಂದು ಮೊದಲು ತಿಳಿದಿರಲಿಲ್ಲ. ಮೊನ್ನೆ ಭಾನುವಾರ ಕಾರು ತೊಳೆದು ಮುಗಿಯುವ ಹೊತ್ತಿಗೆ ಹೊಸರಿತ್ತಿಯ ಒಬ್ಬ ಹುಡುಗಿ ಬಂದಳು. ಅವಳಿಗೂ ಬಲಗಾಲಿನದೇ ತೊಂದರೆ. ಹಾವೇರಿಯಲ್ಲಿ ಕೆಲಸ ಸಿಕ್ಕಿದೆ, ಅವಳಪ್ಪ ಒಂದು ಹಳೆಯ ಕಾರು ನೋಡಿಟ್ಟಿದ್ದಾನೆ, ಅದಕ್ಕೆ ಕೈಸರಳು ಕೂಡಿಸುವ ಮೊದಲು ನನ್ನ ಕಾರಿನಲ್ಲಿ ಕಲಿಯುತ್ತಿದ್ದಾಳೆ. ಬಯಲಿಗೆ ಕರೆದುಕೊಂಡು ಹೋಗಿ ಅವಳನ್ನು ನನ್ನ ಸೀಟಿನಲ್ಲಿ ಕೂರಿಸಿ, ನಾನು ಪಕ್ಕದಲ್ಲಿ ಕುಳಿತೆ. ಕಾರು ಅವಳ ಕೈಯಲ್ಲಿ ಉರುಳತೊಡಗಿತು. ಅವಳ ಮುಖ ಅರಳಿತು. ಇದನ್ನು ಯಾರು ಮಾಡಿಕೊಟ್ಟರು ಎಂದು ಕೇಳಿದಳು. ನಮ್ಮ ಕಾಕಾ ಎಂದೆ.

“ಹಂಗಾರ ನಮ್ಮ ಗಾಡಿನೂ ಅವರ ಕಡೇನ ಒಯ್ಯೂಣ್ರಿ ಅಕ್ಕಾರ. ಅಂಗಡಿ ಎಲ್ಲೈತ್ರಿ?”

“ಅಂಗಡಿ ಇಲ್ಲವ್ವಾ. ಅವರೂ ಇಲ್ಲ” ಎಂದೆ. ಅವಳು ಸರಳು ಒತ್ತಿ ಗಾಡಿ ನಿಲ್ಲಿಸಿ ನನ್ನ ಕಡೆ ನೋಡಿದಳು.

“ನಿಲ್ಲಬ್ಯಾಡ. ನಿನ್ನ ಸರಳು ಹೆಂಗ ಕೂಡಸಬೇಕಂತ ನಾ ಹೇಳತೀನಿ. ನೀ ಗಾಡಿ ಹೊಡಿ.”